ದಕ್ಕೆಯಲ್ಲಿ ಪೆನಾಲ್ಟಿ

ಬೆಳಗಿನ ಜಾವ ಮೂರೂಕಾಲು. ಬೋಟು ಇನ್ನೂ ಅಳಿವೆ ದಾಟಿಲ್ಲ.
ಹಮ್ಮಬ್ಬನ ಚಾದಂಗಡಿಯ ಬೆಂಚಿನಲ್ಲಿ
ನಿನ್ನೆಯ ಪೆನಾಲ್ಟಿ ಇನ್ನೂ ಮುಗಿದಿಲ್ಲ.

"ಕೀಪರ್ ಮೊದಲೇ ಗೆರೆ ಬಿಟ್ಟಿದ್ದ, ಕಣ್ಣಾರೆ ಕಂಡಿದ್ದೇನೆ"
ಎನ್ನುತ್ತಾರೆ ಲೋಕನಾಥ ಪುತ್ರನ್.
ಕಂಡದ್ದು ಬಿರುಕುಬಿಟ್ಟ ಮೊಬೈಲಿನಲ್ಲಿ,
ಚಿತ್ರ ನಿಂತು, ಗಿರಗಿರ ತಿರುಗಿ, ಮತ್ತೆ ಹೊರಡುವ ನಡುವೆ.
"ಎಂತ ಗೆರೆ ಮಾರಾಯ್ರೆ, ಹೊಡೆದವನಿಗೇ ಧೈರ್ಯ ಇಲ್ಲ,
ಮಲಗಿದ ಮಗುವನ್ನು ಸರಿಸಿದ ಹಾಗೆ ಒದ್ದ."
ಇದು ಗ್ರೇಶನ್ ಪಿಂಟೊ, ಐಸ್ ಪ್ಲಾಂಟಿನ ಫಿಟ್ಟರ್,
ಒಂದು ಕಾಲದಲ್ಲಿ ನೆಹರೂ ಮೈದಾನದ ಲೆಫ್ಟ್ ಬ್ಯಾಕ್,
ಈಗ ಮೊಣಕಾಲಿನ ಅಪ್ಪಣೆ ಕೇಳಿ ಮೆಟ್ಟಿಲು ಹತ್ತುವವ.

ಒಂದು–ಒಂದು. ಬಾಂಗ್ಲಾದೇಶದೊಡನೆ. ನಮ್ಮದೇ ಅಂಗಳದಲ್ಲಿ.
ಇನ್ನು ಮುಂದಿನ ಸುತ್ತಿಗೆ ಹೋಗಬೇಕಾದರೆ
ಅವರು ಇವರಿಗೆ ಸೋಲಬೇಕು, ಇವರು ಮತ್ಯಾರಿಗೋ ಮೂರು ಗೋಲು...
ಐಸಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ
ನಾನೇ ಕೂಡಿಸಿ ಕಳೆದು ನೋಡಿದೆ:
ಹೋದ ವರ್ಷದ ಬಂಗುಡೆ ಬಾಕಿ ವಸೂಲಾದರೂ ಆದೀತು.

ಬೇಬಿಯಕ್ಕ, ಬುಟ್ಟಿ ಬೋರಲು ಹಾಕಿ ಕೂತವರು,
ಅಂಜಲಿನ ಕಣ್ಣು ನೋಡಿ ಸತ್ತ ಗಂಟೆ ಹೇಳುವವರು, ಅಂದರು:
"ಅವ ಓಡಿ ಬರುವಾಗಲೇ ನನಗೆ ಗೊತ್ತಾಯ್ತು.
ಹೆದರಿದವರ ಭುಜ ಕಿವಿಯ ಹತ್ತಿರ ಬರ್ತದೆ."
ಯಾರೂ ಎದುರು ಹೇಳಲಿಲ್ಲ. ಹಮ್ಮಬ್ಬ ಚಾ ಎತ್ತಿ ಹೊಯ್ದ.

ಮೂಲೆಯಲ್ಲಿ ನಿರಾಪದ ಬಲೆ ಹೊಲಿಯುತ್ತಿದ್ದ.
ಕಾಕ್‌ದ್ವೀಪದವ. ಮೂರು ವರ್ಷದಲ್ಲಿ
ನಮಗಿಂತ ಚಂದ ತುಳುವಿನಲ್ಲಿ ಬೈಯಲು ಕಲಿತವ.
ನಿನ್ನೆ ಅವರ ಗೋಲಿಗೆ ಕೈಕಟ್ಟಿ ಕೂತಿದ್ದ,
ನಮ್ಮ ಗೋಲಿಗೆ ಎಲ್ಲರಿಗಿಂತ ಒಂದು ಚಣ ಮೊದಲೇ ಎದ್ದಿದ್ದ.
ಆ ಒಂದು ಚಣವನ್ನೂ ಪುತ್ರನ್ ನೋಡಿದ್ದರು.
"ನೀನು ಯಾವ ಕಡೆ ಮಾರಾಯ? ಸತ್ಯ ಹೇಳು."
ತಮಾಷೆಗೇ ಕೇಳಿದ್ದು.
ತಮಾಷೆಗೆ ಎಂದುಕೊಂಡೇ ನಾವೆಲ್ಲ ನಕ್ಕದ್ದು.

ಅವನ ಕೈ ಸೂಜಿ ಬಿಟ್ಟು ಅಂಗಿಯ ಜೇಬಿಗೆ ಹೋಯಿತು.
ಅಲ್ಲಿ ಪ್ಲಾಸ್ಟಿಕ್ಕಿನೊಳಗೆ, ರಬ್ಬರ್ ಬ್ಯಾಂಡಿನೊಳಗೆ
ಆಧಾರ್, ವೋಟರ್ ಕಾರ್ಡು, ಪಂಚಾಯತಿನ ಮಸುಕು ಮೊಹರು.
ಹೋದ ತಿಂಗಳು ಠಾಣೆಯ ಬೆಂಚಿನಲ್ಲಿ
ಅವನದ್ದೂ ಒಂದು ಅರ್ಹತಾ ಪಂದ್ಯ ನಡೆದಿತ್ತು,
ಬೆಳಿಗ್ಗೆಯಿಂದ ದೀಪ ಹಚ್ಚುವವರೆಗೆ.
ಎದುರಾಳಿ ಯಾರೆಂದು ಹೇಳಿರಲಿಲ್ಲ. ಎಷ್ಟು ಹೊತ್ತೆಂದೂ.
ಆವತ್ತು ಹೊರಗೆ ಊಟ ಬಿಟ್ಟು
ಸ್ಕೂಟರಿನ ಮೇಲೆ ಕಾದವರೂ ಇದೇ ಪುತ್ರನ್.

"ಛೆ, ಕಾರ್ಡು ಕೇಳಿದ್ದಲ್ಲ ನಾನು" ಎಂದರು, ಲೋಟ ಕೆಳಗಿಟ್ಟು.
"ಗೊತ್ತುಂಟು" ಎಂದ. ಜೇಬಿನಿಂದ ಕೈ ಬರಿದೇ ಬಂತು.
"ಎಡದ ಮೂಲೆಗೆ ಹೊಡೆಯಬೇಕಿತ್ತು" ಎಂದ ಆಮೇಲೆ.

ಸಾಕಾಯಿತು. ಎರಡು ಮೀನಿನ ಕ್ರೇಟು ಎದ್ದು ಗೋಲುಕಂಬವಾದವು.
ಹಳೇ ಬಲೆ ಸುತ್ತಿ ಹಗ್ಗ ಬಿಗಿದದ್ದು ಚೆಂಡು.
ಗ್ರೇಶನ್ ಲುಂಗಿ ಎತ್ತಿ ಕಟ್ಟಿ ಕೀಪರಾದ.
ನಿರಾಪದ ಚಪ್ಪಲಿ ಕಳಚಿದ.
ಅವನ ಭುಜ ಕಿವಿಯಿಂದ ಎಷ್ಟು ದೂರ ಉಂಟೆಂದು
ನಾವು ಐದೂ ಜನ ನೋಡುತ್ತಿದ್ದೆವು, ನಾಚಿಕೆಯಿಲ್ಲದೆ.

ಒದ್ದ. ಎಡಕ್ಕೇ.
ಗ್ರೇಶನ್, ಆ ಮೊಣಕಾಲಿಟ್ಟುಕೊಂಡು, ಹಾರಿದ!
ಕರಗಿದ ಐಸಿನ ನೀರಲ್ಲಿ ಜಾರಿ, ಕ್ರೇಟು ಉರುಳಿಸಿ,
ಚೆಂಡನ್ನು ಅಪ್ಪಿಕೊಂಡು ಮಲಗಿಬಿಟ್ಟ.
"ಹಿಡಿದೆ!"
"ಎಲ್ಲಿ ಹಿಡಿದದ್ದು, ಒಳಗೆ ಹೋಗಿ ಹಿಡಿದದ್ದು!"
"ಒಳಗೆ ಅಂದರೆ? ಗೆರೆ ಎಲ್ಲುಂಟು ತೋರಿಸಿ"
ಎಂದರು ಬೇಬಿಯಕ್ಕ.
ಗೆರೆ ಎಳೆಯುವುದನ್ನೇ ಮರೆತಿದ್ದೆವು.

ಅಷ್ಟರಲ್ಲಿ ಅಳಿವೆಯ ಕಡೆಯಿಂದ ಎಂಜಿನ್ನಿನ ಸದ್ದು.
ಬೇಬಿಯಕ್ಕ ಬುಟ್ಟಿ ನೆಟ್ಟಗೆ ಮಾಡಿದರು.
ನಿರಾಪದ ಬರಿಗಾಲಲ್ಲೇ ಓಡಿ, ಎಸೆದ ಹಗ್ಗ ಹಿಡಿದ.
ಗ್ರೇಶನನ್ನು ಎಬ್ಬಿಸಲು ಇಬ್ಬರು ಬೇಕಾಯಿತು.
ನಾನು ಪುಸ್ತಕ ತೆರೆದು ತಾರೀಕು ಬರೆದೆ,
ಐಸು ಎಪ್ಪತ್ತು ಬ್ಲಾಕು ಎಂದು ಬರೆದೆ.
ಪುತ್ರನ್ ಆ ಚಪ್ಪಲಿ ಜೋಡಿಯನ್ನು ನೀರಿನಿಂದೆತ್ತಿ
ಬೆಂಚಿನ ಮೇಲೆ ಇಡುತ್ತಿದ್ದರು, ಗೊಣಗುತ್ತಲೇ:
"ಮೊದಲೇ ಹಾರಿದ್ದಾನೆ ಮಾರಾಯ, ನಾನು ಕಂಡಿದ್ದೇನೆ."