ಬಾಗಿಲು ಭಾರ ಇತ್ತು

ಮೊದಲ ಸಿನೆಮಾದಾಗ ಅಂವ ಬರೋದೇ ನಾಲ್ಕು ನಿಮಿಷ.
ಕೋಟೆಯ ಕಡೀ ಬಾಗಿಲು, ಹಿಂದ ಮಳಿ,
ಬಲಗೈ ಮೊಣಕೈಗೇ ಮುಗಿದ ಕಾವಲುಗಾರ.
“ಕೈ ಏನಾತು?” ಅಂತ ರಾಣಿ ಕೇಳ್ತಾಳ.
ಅಂವ ಬಾಗಿಲ ಕಡೆ ನೋಡ್ತಾನ, ಆಕಿ ಕಡೆ ನೋಡ್ತಾನ,
“ಬಾಗಿಲು ಭಾರ ಇತ್ತು, ತಾಯಿ.”
ಅಷ್ಟೇ.

ಯಾದಗಿರಿಯ ಟಾಕೀಜಿನ್ಯಾಗ ಮುನ್ನೂರು ಮಂದಿ
ಶೇಂಗಾ ಒಡೆಯೋದು ಬಿಟ್ಟು ಕುಂತಿದ್ದೆವು.
ಹದಿನಾರು ಸಲ ನೋಡೀನಿ.
ಆ ಮಾತಿನ ಹಿಂದಿನ ಮೌನ ಎಷ್ಟುದ್ದ, ನನಗ ಗೊತ್ತು:
ನನ್ನ ಹೊಲಿಗಿ ಮಷೀನು ಏಳು ಸಲ ತುಳಿದಷ್ಟು.

ಮುಚ್ಚುವಾಗ ಹೋಗ್ಯದ ಕೈ, ಅಂತಿದ್ದ ಮಶಾಕ.
“ವೈರಿ ಬಂದಾಗ ಒಬ್ಬನೇ ಎಳದಾನ.
ಸಂದ್ಯಾಗ ಸಿಕ್ಕದ, ಬಿಡಿಸಿಕೊಂಡಿಲ್ಲ.
ಬಿಡಿಸಿಕೊಂಡ್ರ ಊರು ಹೋಗ್ತಿತ್ತು.”

ಅಲ್ಲೋ, ತೆರೆಯುವಾಗ, ಅಂತಿದ್ದೆ ನಾನು.
ಮುಚ್ಚು ಅಂತ ಹುಕುಮ್ ಆದಮ್ಯಾಲ
ಹೊರಗ ಉಳದ ಯಾರಿಗೋ ತೆರದಾನ.
“ಯಾರಿಗೆ?”
ಗೊತ್ತಿಲ್ಲ. ಯಾರಿಗಾದ್ರೂ.

ಒಂದು ಎಪ್ರಿಲ್ ಮಧ್ಯಾಹ್ನ, ಕಾಲು ಸುಡ್ತಿದ್ರೂ,
ಪರೀಕ್ಷೆ ಮಾಡಾಕ ನಮ್ಮ ಕೋಟೆ ಗುಡ್ಡ ಹತ್ತಿದೆವು.
ಬಾಗಿಲು ಯಾವಾಗೋ ಹೋಗ್ಯದ;
ಅದು ತಿರುಗುತ್ತಿದ್ದ ಕುಣಿ ಮಾತ್ರ ಕಲ್ಲಿನ್ಯಾಗ ಉಳದದ,
ಬಟ್ಟಲದಂಗ ನುಣ್ಣಗ.
ಇಬ್ಬರೂ ಕೈ ಇಟ್ಟು ನೋಡಿದೆವು.
ತಂಪಿತ್ತು. ಏನೂ ಸಾಬೀತಾಗಲಿಲ್ಲ.

ಆಮ್ಯಾಲೊಂದು ಸಂಜಿ ಸ್ಟೇಷನ್ ಮುಂದಿನ ಹೋಟೆಲಿನ್ಯಾಗ
ಸುಸಲಾ ಆರೋ ತನಕ ಅದೇ ಜಗಳ.
“ಒಂದು ಗುಂಡಿ ಹಚ್ಚಾಕ ಎಂಟು ದಿನ ತಗೊಳ್ಳಾಂವ,
ನಿನಗೇನು ಗೊತ್ತು ಬಾಗಿಲದ ಭಾರ” ಅಂದ.
ನಾನು ಅವರಪ್ಪನ ಮ್ಯಾಲ ಒಂದು ಮಾತಾಡಿದೆ.
ಅದನ್ನ ಇಲ್ಲಿ ಬರಿಯಂಗಿಲ್ಲ.

ನಾಲ್ಕು ವರ್ಷ ಮಾತಿಲ್ಲ.
ಅಂವನ ನೀರಿನ ಟೆಂಪೋ ಬಂದ್ರ ನಾನು ಸೂಜಿಗೆ ದಾರ ಪೋಣಿಸ್ತಿದ್ದೆ.
ಸಿನೆಮಾದ ಸಲುವಾಗಿ ಅಂತ ಊರಿಗೆ ಹೆಂಗ ಹೇಳೋದು?
ಮೂರು ಸಾವಿರದ ಸಾಲ ಅಂತ ನಾನಂದೆ.
ಅಂವನೂ ಅದನ್ನೇ ಅಂದನಂತ.

ಈಗ ಬಂತು ಅದರ ಹಿಂದಿನ ಕಥಿ.
ಆರುನೂರು ಕೋಟಿ, ಕಟ್ಟಡದಷ್ಟೆತ್ತರ ಕಟೌಟು.
ಕರೀ ಅಂಗಿ ಹೊಲಕೊಂಡೆ, ಬಲ ತೋಳು ಮೊಣಕೈತನಕ,
ಅಂಚು ಎರಡು ಸಲ ಮಡಚಿ.
ಬೆಳಗಿನ ಆರರ ಆಟ, ಐದಕ್ಕೇ ನಿಂತೆ.

ಅಂವ ರಾಜನ ಮಗ ಅಂತ.
ತೊಟ್ಟಿಲಿನಿಂದ ಕದ್ದಿದ್ದರಂತ, ಬೆನ್ನ ಮ್ಯಾಲ ಸೂರ್ಯನ ಮಚ್ಚಿ.
ಹಿಮದಾಗ ಒಂದು ಹಾಡು, ಸಮುದ್ರದ ಬುಡಕ ಒಂದು.
ಐದು ತಲಿಯ ಹುಲಿ. ಅದರ ಮೂರನೇ ಬಾಯಾಗ ಕೈ.
ಹರಿದು ಹೋಗೋದನ್ನ
ಮೂರು ಕಡೆಯಿಂದ, ನಿಧಾನಕ್ಕ, ಕೊಳಲಿನ ಜೋಡಿ ತೋರ್ಸ್ಯಾರ.
ಬಾಗಿಲು?
ಇಡೀ ಸಿನೆಮಾದಾಗ ಒಂದು ಬಾಗಿಲಿಲ್ಲ.
ಅರಮನಿಗೆಲ್ಲಾ ಪರದೆ.

ಮಂದಿ ಸೀಟಿ ಹೊಡದ್ರು. ನಾನೂ ಮೊದಲ ಅರ್ಧ ತಾಸು ಹೊಡದೆ,
ಸುಳ್ಳ್ಯಾಕ ಹೇಳಲಿ.

ನಾಲ್ಕು ನಿಮಿಷದಾಗ ಅಂವ ನಮ್ಮಂವ ಇದ್ದ.
ಅಡತಿ ಅಂಗಡಿ ಹಮಾಲ ಸಿದ್ರಾಮನಂತಾಂವ,
ಜಿನ್ನಿಂಗ್ ಮಿಲ್ಲಿನ ರಾತ್ರಿ ವಾಚ್‌ಮನ್ನನಂತಾಂವ.
ಎರಡು ತಾಸು ಐವತ್ತು ನಿಮಿಷ ತಗೊಂಡು
ಅವನನ್ನ ನಮ್ಮ ಕಡಿಂದ ಕಸಗೊಂಡು ಒಯ್ದರು.
ಭಾರ ಹೊರಾಕೂ ವಂಶ ಬೇಕೇನ್ರಿ?
ಹೆಸರಿಲ್ಲದಾಂವ ಒಬ್ಬ ಬಾಗಿಲು ಹಿಡದು ನಿಂತ ಅಂದ್ರ
ನಿಮ್ಮ ಆರುನೂರು ಕೋಟಿಗೆ ಏನು ಕಡಿಮಿ ಆಗ್ತಿತ್ತು?

ಹೊರಗ ಬಿಸಿಲು ಆಗಲೇ ಏರಿತ್ತು.
ಸೈಕಲ್ ಸ್ಟ್ಯಾಂಡಿನ ತಗಡಿನ ನೆರಳಿಗೆ ಮಶಾಕ ನಿಂತಿದ್ದ,
ಕರೀ ಅಂಗಿ, ಬಲ ತೋಳು ಮೊಣಕೈತನಕ.
ನನ್ನ ಕಂಡು ಅತ್ತ ತಿರುಗಿದ. ಮತ್ತ ಇತ್ತ ತಿರುಗಿದ.

“ಹುಲಿ” ಅಂದ.
“ಐದು ತಲಿ” ಅಂದೆ.
ಆಮ್ಯಾಲ ಇಬ್ಬರೂ ಎಷ್ಟೋ ಹೊತ್ತು ಮಾತಾಡಲಿಲ್ಲ,
ಯಾರೋ ತೀರಿಕೊಂಡವರ ಮನಿ ಮುಂದ ನಿಂತಂಗ.

ಅವನ ತೋಳು ನೋಡಿದೆ.
ಕತ್ತರಿಲೆ ಹರದು ಬಿಟ್ಟಾನ, ಅಂಚು ಮಡಚಿಲ್ಲ,
ನೂಲು ಜೋತಾಡ್ತಾವ.
“ಮುಚ್ಚುವಾಗಲೇ ಹೋಗಿದ್ದು” ಅಂದ, ಮೆಲ್ಲಗ.
“ತೆರೆಯುವಾಗ” ಅಂದೆ.
“ಅಂಗಿ ನಾಳೆ ಅಂಗಡಿಗೆ ತಾ.
ಎಂಟು ದಿನ ಆಗ್ತದ.”