ನಿಂತ ಕಾರಣ

ಮೇಲುಕೋಟೆಯ ಬೆನ್ನಿಗೆ, ಬಸ್ಸು ತಿರುಗದ ಕಡೆ,
ತೋಳದ ಕಾಡು ಅಂತ ಬೋರ್ಡು ನೆಟ್ಟ ಗುಡ್ಡ.
ಕಾಡು ಅಂದರೆ ಅಲ್ಲಿ ಮರವಲ್ಲ.
ಕಾರೆ, ಕವಳೆ, ಅಲ್ಲೊಂದು ಇಲ್ಲೊಂದು ಜಾಲಿ,
ಮಿಕ್ಕಿದ್ದೆಲ್ಲ ಹುಲ್ಲು.
ಸುಗ್ಗಿ ಮುಗಿದ ಮೇಲೆ ನರಿಯ ಮೈಬಣ್ಣ ಅದಕ್ಕೆ.

ನಾನು ಅಲ್ಲಿ ಬೆಂಕಿ ವಾಚರ್. ಮೂರು ತಿಂಗಳ ಕೆಲಸ.
ಶಿವರಾತ್ರಿಗೆ ಮುಂಚೆ ಹಿಡಿದರೆ ಮೊದಲ ಮಳೆಗೆ ಬಿಡುಗಡೆ.
ಒಂದು ಸೀಟಿ, ಒಂದು ಟಾರ್ಚು, ಹಸಿ ಹೊಂಗೆಯ ಬರಲು.
ಅಪ್ಪನಿಗೂ ಇದೇ ಗುಡ್ಡ. ಅವನ ಜೇಬಲ್ಲಿ ಬೆಂಕಿಪೊಟ್ಟಣ.
ಮೂವತ್ತು ಕುರಿಗೆ ಎಳೆಹುಲ್ಲು ಬೇಕಾದರೆ
ಹಳೇದನ್ನ ಕಳಿಸಿಕೊಡಬೇಕು ಕಣಪ್ಪ, ಅನ್ನುತ್ತಿದ್ದ,
ಉಂಡು ಮುಗಿಸಿದ ನೆಂಟನ ಮಾತಾಡುವ ಹಾಗೆ.

ಅಪ್ಪ ಹಚ್ಚಿದ, ಮಗ ಬಡಿದು ಆರಿಸಿದ:
ಇದೇ ನಮ್ಮ ವಂಶದ ಕಸುಬು.

ಈ ಸಲ ಮಾಘದಲ್ಲಿ ಅತ್ತೆ ಹೊಂಬಾಳಮ್ಮನ ಕುರಿ ಹಿಡಿದೆ,
ಗಡಿಕಲ್ಲಿನ ಒಳಗೆ, ಒಂದು ಮಾರಲ್ಲ, ನೂರು ಮಾರು.
ಎಷ್ಟು ದಿನದಿಂದ ನುಗ್ಗಿಸುತ್ತಿದ್ದಳೋ.
ಬನ್ನೂರು ಕುರಿ, ಮೋಟು ಕಾಲು, ಪೀಪಾಯಿ ಮೈ,
ನಾನು ಸೀಟಿ ಊದಿದರೂ ತಲೆ ಎತ್ತಲಿಲ್ಲ ಒಂದೂ.
"ದಂಡ ಬರಿ," ಅಂದಳು ಎಲೆಅಡಿಕೆ ಉಗಿದು.
"ನಿನ್ನ ಮೂಗು ಒರೆಸಿದ ಸೆರಗು ಇದು, ಇದನ್ನೂ ಬರಿ."
ಬರೆದೆ. ಐನೂರು.
ಸೆರಗಿಗೆ ಕಾಲಂ ಇರಲಿಲ್ಲ.

ಒಂಬತ್ತು ದಿನಕ್ಕೆ ಬೆಂಕಿ ಬಿತ್ತು.
ಯಾರ ಬೀಡಿಯೋ, ಯಾರ ಸಿಟ್ಟೋ.
ಮೂಡಲ ಗಾಳಿ. ಆರು ವರ್ಷ ಬಾಯಿ ಮುಟ್ಟದ ಹುಲ್ಲು,
ನಡೆದರೆ ಅಂಗಿ ಗುಂಡಿಗೆ ತಾಕುತ್ತಿದ್ದದ್ದು,
ಹತ್ತಿದ್ದೇ ತಡ, ಸೀರೆ ಹರಿದ ಸದ್ದು.
ನಾಲ್ಕು ಜನ ನಾವು, ನಾಲ್ಕು ಬರಲು.
ಇಲಾಖೆ ಸವರಿಸಿದ್ದ ಬೆಂಕಿರೇಖೆಯನ್ನು ಅದು
ಕುಂಟೆಬಿಲ್ಲೆ ಆಡುವ ಹುಡುಗಿಯ ಹಾಗೆ ದಾಟಿತು.
ಗೌಜಲಕ್ಕಿಯೊಂದು ಹೊಗೆಯೊಳಕ್ಕೇ ಹಾರಿತು, ಮೊಟ್ಟೆಯ ಕಡೆಗೆ.
ಹೋದದ್ದು ನೋಡಿದೆ. ಬಂದದ್ದು ನೋಡಲಿಲ್ಲ.

ಇಳಿಜಾರಲ್ಲಿ ತೋಳದ ಗವಿ, ಕಣ್ಣು ಬಿಟ್ಟ ಮೂರು ಮರಿ.
ಯಾರಿಗೂ ಹೇಳಬಾರದ ಜಾಗ; ನನಗೆ ಗೊತ್ತು, ಅತ್ತೆಗೆ ಗೊತ್ತು.
ಬೆಂಕಿ ಅತ್ತಲೇ ತಿರುಗಿತು.
ಓಡಿದೆವು. ಬರಲು ಕರಕಲು, ಗಂಟಲು ಕರಕಲು.
ಆಮೇಲೆ, ಯಾರೂ ಬಡಿಯದ ಕಡೆ,
ಮಾತು ಮರೆತವನ ಹಾಗೆ ಕೊಂಚ ತಡವರಿಸಿ
ಅದು ಕೂತುಬಿಟ್ಟಿತು.

ಟಾರ್ಚು ಬಿಟ್ಟು ನೋಡಿದೆ.
ಕ್ಷೌರ ಮಾಡಿದ ಗಲ್ಲದಂಥ ನೆಲ, ಉಗುರಿನಷ್ಟು ಹುಲ್ಲು,
ಹಿಕ್ಕೆ, ಮತ್ತೂ ಹಿಕ್ಕೆ, ಸಣ್ಣ ಗೊರಸಿನ ಗುರುತು.
ನೂರು ಮಾರು.
ದಂಡ ಹಾಕಿದ ಅದೇ ನೂರು ಮಾರು.

ವರದಿಯಲ್ಲಿ ಬೆಂಕಿ ಹತ್ತಿದ ಕಾರಣಕ್ಕೆ ಜಾಗ ಇದೆ.
ನಿಂತ ಕಾರಣಕ್ಕೆ ಇಲ್ಲ.
'ಸಿಬ್ಬಂದಿಯ ಪರಿಶ್ರಮದಿಂದ' ಅಂತ ಸಾಹೇಬರು ಬರೆಸಿದರು.
ಸಹಿ ಹಾಕಿದೆ.

ಅತ್ತೆಗೆ ಹೇಳಿದರೆ ಅವಳು ಹಿಗ್ಗಲಿಲ್ಲ.
"ಕುರಿ ಬಾಯಿ ಪುಣ್ಯಾನೂ ಅಲ್ಲ ಪಾಪಾನೂ ಅಲ್ಲ, ಬಾಯಿ ಅಷ್ಟೆ.
ನಮ್ಮ ಗೋಮಾಳ ನೋಡು, ನಾವೇ ಮೇಯಿಸಿ ಮೇಯಿಸಿ ಕಲ್ಲು ಮಾಡಿದ್ದು.
ಅಲ್ಲಿ ಬೆಂಕಿ ಬೀಳಲ್ಲ. ಉರಿಯೋಕೆ ಏನೈತೆ?
ಗೌಜಲಕ್ಕಿ ಕೂರೋಕೂ ಏನಿಲ್ಲ."
ಐನೂರು ವಾಪಸು ಕೇಳಲಿಲ್ಲ. ಅದೇ ಹೆಚ್ಚು ಉರಿಯಿತು.

ಭರಣಿ ಎರಡು ಹದ ಬಿತ್ತು.
ಕರಿಗುಡ್ಡದ ಮೇಲೆ ಗಿಳಿಮರಿಯ ಹಸಿರು.
ಮೊದಲು ಮೊಲ, ಆಮೇಲೆ ಎಲ್ಲಿಂದಲೋ ನಾಲ್ಕು ಜಿಂಕೆ,
ಸುಟ್ಟಲ್ಲೇ ಮೇಯುತ್ತವೆ, ಪಕ್ಕದ ಹಳೆಹುಲ್ಲು ಮೂಸುವುದಿಲ್ಲ.
ಮೇಯ್ದದ್ದು ಬರುವ ಮಾಘಕ್ಕೆ ಉರಿಯದು.
ಮೂಸದೆ ಬಿಟ್ಟದ್ದು ಉರಿಯುತ್ತದೆ,
ಉರಿದಲ್ಲಿಗೆ ಮತ್ತೆ ಬಾಯಿ ಬರುತ್ತದೆ.
ಅಪ್ಪನ ಲೆಕ್ಕ ಅರ್ಧ ಸರಿ.
ಮಿಕ್ಕ ಅರ್ಧ ಆ ಹಕ್ಕಿಯ ಹತ್ತಿರ ಇತ್ತು.

ಸೀಟಿ, ಟಾರ್ಚು ಒಪ್ಪಿಸಿ ಇಳಿದು ಬರುವಾಗ
ಗಡಿಕಲ್ಲಿನ ಬಳಿ ಅತ್ತೆಯ ಕುರಿ:
ಕಾಲು ಆಚೆ, ಕತ್ತು ಈಚೆ.
ದಂಡ ಕಾಲಿಗೋ ಬಾಯಿಗೋ ಅಂತ ಕೇಳಲು
ನಾನೀಗ ವಾಚರ್ ಅಲ್ಲ.