ಹನ್ನೊಂದು ಎ

ಪೆರ್ಲ ಪೇಟೆಯಲ್ಲಿ, ಹಾರ್ಡ್‌ವೇರ್ ಅಂಗಡಿಯ ಮಾಳಿಗೆಯಲ್ಲಿ
ನನ್ನ ಟಿಕೇಟಿನ ಮೇಜು. ವಿಮಾನ ಹತ್ತಿದವನಲ್ಲ ನಾನು.
ಆದರೂ ಯಾವ ಕಿಟಕಿಗೆ ಏನು ಕಾಣುತ್ತದೆ ಎಂಬುದಕ್ಕೆ
ಒಂದು ನೋಟುಬುಕ್ಕು ಇಟ್ಟಿದ್ದೇನೆ.
ಹೋಗಿ ಬಂದವರನ್ನು ಕೂರಿಸಿ, ಲಿಂಬೆ ಶರಬತ್ತು ತರಿಸಿ,
ಕೇಳಿ ಕೇಳಿ ಬರೆದದ್ದು.

ರೆಕ್ಕೆಯ ಮೇಲೆ ಬೇಡ. ಅಲ್ಲಿ ಕೂತರೆ
ತಗಡು ನೋಡಲು ದುಡ್ಡು ಕೊಟ್ಟ ಹಾಗೆ.
ದಡ ನೋಡುವವರಿಗೆ ಸಂಜೆಯ ವಿಮಾನ,
ಬಿಸಿಲು ಬೆನ್ನಿಗಿರಬೇಕು.
ರಾತ್ರಿ ಮಸ್ಕತ್ತಿಗೆ ಹೋಗುವವರಿಗೆ ಕಿಟಕಿ ದಂಡ,
ಎಂದು ಬರೆದಿದ್ದೆ. ಉಪ್ಪಳದ ಮೊಯ್ದು ಬಂದ ಮೇಲೆ
ಅದನ್ನು ಹೊಡೆದು ಹಾಕಿದೆ:
"ಕೆಳಗೆ ಬೋಟುಗಳ ದೀಪ, ಮೇಲೆ ನಕ್ಷತ್ರ,
ತಲೆ ಯಾವ ಕಡೆ ಮಾಡಿ ಕೂತದ್ದೆಂದೇ
ಗೊತ್ತಾಗಲಿಲ್ಲ ಮಾರಾಯ್ರೆ."

ಐತ್ತಪ್ಪ ನಾಯ್ಕರು ಒಂದು ಕಾಗದ ಹಿಡಿದು ಬಂದರು.
ಪುಣೆಯಲ್ಲಿ ನೀರಿನವರ ಸಭೆಯಂತೆ,
ಸುರಂಗ ಕೊರೆದವರು ಮಾತಾಡಬೇಕಂತೆ.
ಮುಂಬಯಿವರೆಗೆ ವಿಮಾನ, ಆಮೇಲೆ ಕಾರು.
ಐವತ್ತು ವರ್ಷ ಗುಡ್ಡದ ಹೊಟ್ಟೆಯೊಳಗೆ ಕುಕ್ಕರಗಾಲಲ್ಲಿ ಕೂತವರು.
ಮೇಣದ ಬತ್ತಿಗೆ ಕಂಡಷ್ಟೇ ಮುರಕಲ್ಲು, ಅಷ್ಟೇ ಲೋಕ.
ಬತ್ತಿ ಆರಿದರೆ ಉಸಿರು ಇಲ್ಲವೆಂದು ಹೊರಗೆ ಓಟ.

"ಕಿಟಕಿ ಬೇಕು."
"ಬಲಬದಿ ತಗೊಳ್ಳಿ," ಪುಟ ತಿರುಗಿಸಿದೆ,
"ಮಲ್ಪೆಯ ದ್ವೀಪ, ಮರವಂತೆಯ ರಸ್ತೆ, ಶರಾವತಿ, ಕಾಳಿ,
ಗೋವೆ ದಾಟುವವರೆಗೆ ದಡ ಜೊತೆಗೇ ಬರುತ್ತದೆ."
"ನಮ್ಮ ಊರು?"
"ಅದು ಎಡಕ್ಕೆ. ಏರಿದ ಕೂಡಲೆ, ತಿರುಗುವ ಮೊದಲು,
ಎರಡು ನಿಮಿಷ. ಮತ್ತೆ ಮುಂಬಯಿವರೆಗೂ ಬರೀ ಕಡಲು."
"ಎರಡು ನಿಮಿಷ ಸಾಕು."

ಮೂವತ್ತೆಂಟು ಸುರಂಗ. ಬೆರಳು ಮಡಚಿ ಎಣಿಸಿದರು,
ಶೇಣಿಯಲ್ಲಿ ಇಷ್ಟು, ಬಾಯಾರಿನಲ್ಲಿ ಇಷ್ಟು.
ಬಲಗೈಯ ಕಿರುಬೆರಳು ಇಲ್ಲ,
ಬಜಕೂಡ್ಲಿನ ಗುಡ್ಡ ಇಟ್ಟುಕೊಂಡಿದೆ.
ಅಡ್ಡಕ್ಕೆ ಕೊರೆದದ್ದು ಮೇಲಿನಿಂದ ಹೇಗೆ ಕಂಡೀತು
ಎಂದು ನಾನು ಕೇಳಲಿಲ್ಲ.
ಕೇಳಬೇಕಿತ್ತೋ ಏನೋ. ಎಡಗಡೆ, ರೆಕ್ಕೆಗಿಂತ ಮುಂದೆ,
ಹನ್ನೊಂದು ಎ, ಹೆಚ್ಚಿಗೆ ಮುನ್ನೂರೈವತ್ತು ರೂಪಾಯಿ.
ಪ್ರಿಂಟು ತೆಗೆದು, ಸೀಟಿನ ಕೆಳಗೆ ಕೆಂಪು ಗೆರೆ ಎಳೆದು ಕೊಟ್ಟೆ.

ಹತ್ತು ದಿನ ಕಳೆದು ಬಂದರು. ಶರಬತ್ತು ಮುಟ್ಟಲಿಲ್ಲ.
"ಕಿಟಕಿ ಇರಲಿಲ್ಲ."
"ಇರಲಿಲ್ಲ ಅಂದರೆ?"
"ಹತ್ತಕ್ಕೆ ಉಂಟು, ಹನ್ನೆರಡಕ್ಕೆ ಉಂಟು. ಹನ್ನೊಂದಕ್ಕೆ ಗೋಡೆ.
ಬಿಳಿ. ಮೊಣಕೈಯಷ್ಟು ದೂರ."

ಮೊಯ್ದು ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ.
ಡ್ರಾವರು ಎಳೆದೆ, ನೋಟು ಎಣಿಸತೊಡಗಿದೆ.
"ಮೂಗಿನ ಎದುರು ಗೋಡೆ," ಅಂದರು, "ನನಗೇನು ಹೊಸತಾ?"

ವಿಮಾನ ಎದ್ದಾಗ ಮುಂದಿನವರೆಲ್ಲ
ಮೊಬೈಲು ಕಿಟಕಿಗೆ ಒತ್ತಿದರಂತೆ.
ಇವರು ಗೋಡೆಗೆ ಕಿವಿ ಒತ್ತಿದರಂತೆ.
ಬೆರಳಗೆಣ್ಣಿನಲ್ಲಿ ತಟ್ಟಿದರಂತೆ, ಒಮ್ಮೆ ಇಲ್ಲಿ, ಒಮ್ಮೆ ಸ್ವಲ್ಪ ಕೆಳಗೆ,
ಬಂಡೆಯ ಹಿಂದೆ ಒಸರು ಉಂಟಾ ಎಂದು ಕೇಳುವ ಹಾಗೆ.
ಸೀರೆಯ ಹುಡುಗಿ ಬಂದು ಹಿಂದಿಯಲ್ಲಿ ಏನೋ ಕೇಳಿದಳು,
ಇವರಿಗೆ ತಿಳಿದದ್ದು ಪಾನಿ ಒಂದೇ.
"ನಾನೂ ಅದನ್ನೇ ನೋಡುವುದು ಅಂದೆ, ನಮ್ಮ ಭಾಷೆಯಲ್ಲಿ.
ಅವಳು ಬಾಟ್ಲಿ ಕೊಟ್ಟಳು."

"ಮತ್ತೆ? ಇತ್ತಾ ಒಳಗೆ?"
"ಎಲ್ಲಿ! ಬರೀ ಗಾಳಿಯ ಸದ್ದು.
ಇಂಥ ಗುಡ್ಡಕ್ಕೆ ನಾನು ಪಿಕ್ಕಾಸು ಹಾಕುತ್ತಿರಲಿಲ್ಲ."
"ಆ ಎರಡು ನಿಮಿಷ?"
"ಎಲ್ಲಿ ಮುಗಿಯಿತೋ ಗೊತ್ತಿಲ್ಲ.
ಬಾಗಿದ ಹಾಗಾಯಿತು, ಆಗ ಮುಗಿದಿರಬೇಕು."

ದುಡ್ಡು ತಗೊಂಡರು, ಎಣಿಸಿಯೇ ತಗೊಂಡರು.
ಮೆಟ್ಟಿಲಲ್ಲಿ ತಲೆ ತಗ್ಗಿಸಿ ಇಳಿದರು,
ನಮ್ಮ ಮೆಟ್ಟಿಲ ಮಾಡು ಅಷ್ಟೇನೂ ಕೆಳಗಿಲ್ಲ.

ಆಮೇಲೆ ನೋಟುಬುಕ್ಕಿನಲ್ಲಿ ಬರೆದೆ:
ಹನ್ನೊಂದು ಎ. ಕಿಟಕಿ ಇಲ್ಲ.
ಕಿವಿ ಇಟ್ಟರೆ ಗಾಳಿ.
ತಟ್ಟಿ ನೋಡಿದವರು ಒಬ್ಬರೇ.